ಕಟ್ಟದ ಬಾಯಿಗೆ ಬೆನ್ನು

“ಎಲಾ ಮೇರ ನಾಯಿ, ಕಣ್ಣು ಕುಂಡೆಯಲ್ಲಿ ಉಂಟಾ ನಿಂಗೆ? ಎರಡು ಮೊಳ ಏರಿಸು ಅಂದ್ರೆ ಎರಡು ಮೊಳ! ಒಂದೂವರೆ ಅಲ್ಲ!”

ಸುಬ್ಬರಾಯ ಆಳ್ವರು ದಡದ ಮೇಲೆ ಹೊಂಗೆ ಮರದ ನೆರಳಲ್ಲಿ ನಿಂತು ಬೊಬ್ಬೆ ಹಾಕುತ್ತಿದ್ದರು. ಎದೆಮಟ್ಟದ ನೀರಿನಲ್ಲಿ ನಿಂತಿದ್ದ ಚನಿಯ ತಲೆ ಎತ್ತಲಿಲ್ಲ. ಹೆಂಡತಿ ಕಿನ್ನಿ ಹೊತ್ತು ತಂದ ಜೇಡಿಮಣ್ಣಿನ ಮುದ್ದೆ ಇಸಕೊಂಡು ಕಲ್ಲಿನ ಸಂದಿಗೆ ಮೆತ್ತಿ, ಅಂಗೈಯಿಂದ ತಟ್ಟಿ, ಮೇಲೆ ಸೊಪ್ಪು ಹಾಸಿದ. ಐವತ್ತು ದಾಟಿದ ಮೈ. ನಡುಬೇಸಗೆಯ ಪಗ್ಗು ತಿಂಗಳ ಬಿಸಿಲು ನೆತ್ತಿ ಸುಡುತ್ತಿದ್ದರೆ, ಬೆಳಿಗ್ಗೆಯಿಂದ ನೀರಿನಲ್ಲೇ ಇದ್ದ ಕಾಲು ನೆನೆದು ಬಿಳಿಚಿಹೋಗಿತ್ತು.

ಬಾಯಾರೆಂಬ ಊರಿನ ಕಡೆಯಿಂದ ಇಳಿದು ಬರುವ ಆ ಹೊಳೆಗೆ ಕಟ್ಟ ಕಟ್ಟುವುದು ಚನಿಯನ ಮನೆತನದ ಕೆಲಸ. ಮಳೆಗಾಲ ಕಳೆದು ಹೊಳೆ ಸಣಕಲಾದ ಮೇಲೆ ಕಲ್ಲು, ಸೊಪ್ಪು, ಮಣ್ಣು ಒಟ್ಟಿ ಅಡ್ಡ ಹಾಕಿದರೆ ಬೇಸಗೆ ಪೂರ್ತಿ ನೀರು ನಿಲ್ಲುತ್ತದೆ. ಕಟ್ಟುತ್ತಾ ಬಂದು ಕೊನೆಗೆ ನಡುವೆ ಒಂದು ಆಳಿನಗಲದ ಬಾಯಿ ಉಳಿಯುತ್ತದೆ. ಇಡೀ ಹೊಳೆಯ ರಭಸ ಅಲ್ಲಿ. ಆಗ ಕೇರಿಯ ಹಿರಿಯ ಒಳಬದಿಯಿಂದ ನೀರಿಗಿಳಿದು ಆ ಬಾಯಿಗೆ ಬೆನ್ನು ಕೊಟ್ಟು ಅಲುಗದೆ ನಿಲ್ಲಬೇಕು. ಉಳಿದವರು ಹೊರಬದಿಯಿಂದ ಅವನ ಬೆನ್ನಿಗೇ ಮಣ್ಣು ಮೆತ್ತಿ ಬಾಯಿ ಮುಚ್ಚಬೇಕು. ಮುಚ್ಚಿದ ಮೇಲೆಯೇ ಅವನು ಒಳಬದಿಯಿಂದ ಮೇಲೆ ಹತ್ತುವುದು. ಚನಿಯನ ಅಜ್ಜ ಬೆನ್ನು ಕೊಟ್ಟಿದ್ದ, ಅಪ್ಪ ಕೊಟ್ಟಿದ್ದ, ಈಗ ಹದಿನೆಂಟು ವರ್ಷದಿಂದ ಚನಿಯ ಕೊಡುತ್ತಿದ್ದ. ಹಾಗೆ ಮುಚ್ಚಿದ ಕಟ್ಟವನ್ನು ಮಳೆಗಾಲದ ಮೊದಲ ನೆರೆ ಬಂದು ಒಡೆಯಬೇಕು. ಮನುಷ್ಯರು ಕೈಯಾರೆ ಒಡೆಯುವ ಕ್ರಮ ಇಲ್ಲ.

ಕಟ್ಟದ ಬುಡದಲ್ಲಿ ಒಸರುವ ನೀರು ಮೇರರ, ಊರು ಮುಟ್ಟಿಸಿಕೊಳ್ಳದವರ, ಕೇರಿಯದು. ಕೆಳಗೆ ಹೊಳೆಯ ಹೊಯಿಗೆ ಮರಳಿನಲ್ಲಿ ಒಂದು ಗುಂಡಿ. ಹದಿನಾಲ್ಕು ಗುಡಿಸಲಿಗೆ ಕುಡಿಯಲಿಕ್ಕೆ ಅದೊಂದೇ. ಆಳ್ವರ ಬಾವಿಯ ಹತ್ತಿರ ಹೋದರೆ ಬೆನ್ನಿನ ಚರ್ಮ ಉಳಿಯುತ್ತಿರಲಿಲ್ಲ.

“ಒಂದು ಹನಿ ಒಸರಬಾರ್ದು, ಗೊತ್ತಾಯ್ತಾ? ಬುಧವಾರದ ತನಕ ಎಲ್ಲ ನೀರೂ ಇಲ್ಲೇ ನಿಲ್ಲಬೇಕು,” ಎಂದರು ಆಳ್ವರು. “ಬುಧವಾರ ಕೆಳಗೆ ಮದ್ದು ತುಂಬಿಸಿ ಗರ್ನಾಲು ಸಿಡಿಸ್ತೇವೆ. ಮೊದಲ ಗರ್ನಾಲು ಕೇಳಿದ ಕೂಡ್ಲೆ ಕಟ್ಟ ಒಡೆದು ಬಿಡು.”

ಚನಿಯನ ಕೈ ನಿಂತಿತು. “ಒಡೆಯುದಾ ಧನೀ?”

“ಮತ್ತೆ ಪೂಜೆ ಮಾಡುದಾ?”

ಸಂಗತಿ ಇಷ್ಟೇ. ಎರಡು ವರ್ಷದ ಹಿಂದೆ, ಸ್ವರಾಜ್ಯ ಬಂದ ಹೊಸತರಲ್ಲಿ, ಹೊಳೆ ದುಮುಕುವ ಜಾಗದಲ್ಲಿ ಕರೆಂಟು ಮಾಡುವುದೆಂದು ಕಡಲ ಬದಿಯ ಪಟ್ಟಣದವರೂ ಊರಿನ ಧನಿಗಳ ಕಂಪೆನಿಯವರೂ ಒಪ್ಪಂದ ಮಾಡಿಕೊಂಡಿದ್ದರು. ಪಟ್ಟಣಕ್ಕೆ ಅರ್ಧ ಪಾಲು, ಕಂಪೆನಿಗೆ ಅರ್ಧ. ಕಂಪೆನಿ ಅಂದರೆ ಆಳ್ವರೇ. ಈಗ ಪಟ್ಟಣದವರಿಗೆ ಸಂಶಯ ಹತ್ತಿತ್ತು. ಬೇಸಗೆಗೆ ಬತ್ತುವ ಹೊಳೆಯಿಂದ ಎಂತ ಕರೆಂಟು, ನಮಗೆ ಈ ಪಾಲು ಬೇಕೋ ಬೇಡವೋ ಎಂದು ಅವರ ಸಭೆಯಲ್ಲಿ ಜಗಳವೇ ಆಗಿತ್ತಂತೆ. ಕಣ್ಣಾರೆ ನೋಡಿ ಹೋಗಲಿಕ್ಕೆ ಬುಧವಾರ ನಾಲ್ಕು ಜನ ಬರುವವರಿದ್ದರು. ಅವರು ನೋಡುವಾಗ ಹೊಳೆ ತುಂಬಿ ಹರಿಯಬೇಕು. ಆಳ್ವರ ತೋಟಕ್ಕೆ ಕಟ್ಟದ ನೀರು ಈಗ ಬೇಕಿರಲಿಲ್ಲ. ಅವರ ಕೆರೆಗೆ ಎಣ್ಣೆ ಇಂಜಿನು ಬಂದಿತ್ತು.

“ಧನೀ, ಕಟ್ಟ ಹೋದ್ರೆ ನಮ್ಮ ಗುಂಡಿ ಹೋಯ್ತು. ಮಳೆಗೆ ಇನ್ನೂ ಎರಡು ತಿಂಗಳುಂಟು. ನನ್ನ ಮಗಳು ಅಪ್ಪಿ ಹೆತ್ತು ಹನ್ನೊಂದು ದಿನ ಆಯ್ತಷ್ಟೆ. ಕೇರಿಗೆ ಒಂದು ಬಾವಿ ತೋಡಿಸಿ ಕೊಡಿ, ಮತ್ತೆ ನೀವು ಹೇಳಿದ ಹಾಗೆ—”

ಆಳ್ವರು ನಕ್ಕರು. ಪಕ್ಕದಲ್ಲಿದ್ದ ಮೇಸ್ತ್ರಿ ವಾಸಪ್ಪನೂ ನಗಬೇಕಾಯಿತು.

“ಕೇಳಿದ್ಯಾ ವಾಸಪ್ಪ, ಇವನ ಮಗಳ ಬಾಣಂತನಕ್ಕೆ ಪಟ್ಟಣದ ಕರೆಂಟು ನಿಲ್ಲಬೇಕಂತೆ! ಬಾವಿ ಬೇಕಂತೆ ಬೇವರ್ಸಿಗೆ. ಏ ಚನಿಯಾ, ನಾಯಿ ಹೆತ್ತರೆ ಯಾರಾದ್ರೂ ಬಾವಿ ತೋಡ್ತಾರಾ?” ಮುಖ ಗಂಟಿಕ್ಕಿತು. “ಬುಧವಾರ ಕಟ್ಟ ಒಡೆಯದಿದ್ರೆ ಗುರುವಾರ ನಿಮ್ಮ ಹದಿನಾಲ್ಕು ಗುಡಿಸಲಲ್ಲಿ ಒಂದೂ ಇರುದಿಲ್ಲ. ಜಾಗ ನಂದು. ನೆನಪಿರ್ಲಿ.”

 ಚನಿಯನ ಬಾಯಿಯಿಂದ ಬಂದದ್ದು “ಆಯ್ತು ಧನೀ” ಎಂಬ ಅದೇ ಹಳೆಯ ಮಾತು. ಥೂ, ಈ ನಾಲಗೆಯೇ ಎಂದು ತನ್ನನ್ನೇ ಬೈದುಕೊಂಡ. ಆಳ್ವರು ಹೋದ ಮೇಲೆ ಕಟ್ಟದ ಬುಡದಲ್ಲಿ ಒಂದು ಕಲ್ಲು ಸರಿಸಿ ಕಿರುಬೆರಳಿನ ದಪ್ಪಕ್ಕೆ ನೀರು ಒಸರುವ ಹಾಗೆ ಬಿಟ್ಟು, ಅದರ ಮೇಲೆ ಸೊಪ್ಪು ಮುಚ್ಚಿದ.

ಕಿರುಬೆರಳಿನ ನೀರು ಹದಿನಾಲ್ಕು ಗುಡಿಸಲಿಗೆ ಎಲ್ಲಿ ಸಾಲುತ್ತದೆ? ಮೂರನೆಯ ದಿನಕ್ಕೆ ಗುಂಡಿಯಲ್ಲಿ ಕೆಸರು ಕಂಡಿತು. ಕಿನ್ನಿ ಮಧ್ಯಾಹ್ನದ ಬಿಸಿಲಿನಲ್ಲಿ ಕುಕ್ಕರುಗಾಲಲ್ಲಿ ಕೂತು, ತೆಂಗಿನ ಗೆರಟೆಯಲ್ಲಿ ಬಾಚಿ ಬಾಚಿ ಬಟ್ಟೆಯಲ್ಲಿ ಸೋಸುತ್ತಿದ್ದಳು. ಒಂದು ಕೊಡ ತುಂಬಲಿಕ್ಕೆ ಅರ್ಧ ಹಗಲು. ಅಪ್ಪಿ ಗುಡಿಸಲ ಬಾಗಿಲಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮಗು ಮೊಲೆ ಚೀಪಿ ಚೀಪಿ ಬಿಟ್ಟು ಅಳುತ್ತಿತ್ತು.

“ಹಾಲು ಬರುದಿಲ್ಲ ಅಬ್ಬೇ,” ಎಂದಳು ಅಪ್ಪಿ.

“ನೀರೇ ಕುಡಿಯದವಳಿಗೆ ಹಾಲು ಎಲ್ಲಿಂದ ಬರ್ತದೆ?” ಕಿನ್ನಿ ಗೆರಟೆ ಎಸೆದಳು. ಎದುರಿಗೆ ಕೂತಿದ್ದ ಗಂಡನ ಕಡೆ ತಿರುಗಿದಳು. “ನೀನು ಬುಧವಾರ ಆ ಕಟ್ಟ ಒಡೀತಿಯಾ? ನಿನ್ನ ಕೈಯಿಂದ? ಪಟ್ಟಣದ ರಂಡೆಮಕ್ಕಳ ದೀಪಕ್ಕೆ ಮಗಳ ಕೂಸು, ನನ್ನ ಪುಳ್ಳಿಯ ಗಂಟಲು ಒಣಗಬೇಕಾ?”

“ಒಡೆಯದಿದ್ರೆ ಗುಡಿಸಲಿಗೆ ಬೆಂಕಿ ಇಡ್ತಾರೆ ಮಾರಾಯ್ತಿ. ಹಸಿ ಮೈಯ ಬಾಣಂತಿಯನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುದು?”

ಅಳಿಯ ಬಟ್ಯ ಕತ್ತಿ ಮಸೆಯುತ್ತಿದ್ದವನು ನಿಲ್ಲಿಸಿದ. “ಮಾವ, ಪಟ್ಟಣದವರಿಗೇ ಹೇಳುವ. ಅವರು ಓದಿದವರು. ಧನಿ ಮೋಸ ಮಾಡುದು ಗೊತ್ತಾದ್ರೆ ಪಾಲು ಬಿಟ್ಟು ಹೋಗ್ತಾರೆ. ಕಟ್ಟವೂ ಉಳೀತದೆ.”

 ಓದಿದವರ ಮೇಲೆ ಚನಿಯನಿಗೆ ನಂಬಿಕೆಯೂ ಇರಲಿಲ್ಲ, ಅಪನಂಬಿಕೆಯೂ ಇರಲಿಲ್ಲ. ಅಂಥವರ ಎದುರು ನಿಂತು ಅವನು ಯಾವತ್ತೂ ಮಾತಾಡಿದ್ದೇ ಇಲ್ಲ.

ಬುಧವಾರ ಚನಿಯ, ಬಟ್ಯ, ಕೇರಿಯ ಇನ್ನೂ ಇಬ್ಬರು ಪಿಕ್ಕಾಸು ಹಿಡಿದು ಕಟ್ಟದ ಮೇಲೆ ನಿಂತಿದ್ದರು. ಹಿಂದೆ ಹೊಳೆ ದಡ ಮುಟ್ಟಿ ನಿಂತಿತ್ತು. ಮುಂದೆ ಬರೀ ಹೊಯಿಗೆ, ಬಿಸಿಲಿಗೆ ಕಾದ ಕಲ್ಲು. ಒಂದು ಕೂಗಿನ ದೂರದಲ್ಲಿ, ಹೊಳೆಯ ತಿರುವಿನಾಚೆ, ಆಳ್ವರು ಹಾಕಿಸಿದ ಚಪ್ಪರ. ಅಲ್ಲಿ ಎಳನೀರು ಕೆತ್ತುವ ಸದ್ದು ಇಲ್ಲಿಗೆ ಕೇಳುತ್ತಿತ್ತು.

ಢಮಾರ್ ಎಂದಿತು ಮೊದಲ ಗರ್ನಾಲು.

ಚನಿಯ ಪಿಕ್ಕಾಸು ಎತ್ತಿದ. ಎತ್ತಿದವನ ಕಣ್ಣು ಕೆಳಗೆ ಹೋಯಿತು. ಗುಂಡಿಯ ಅಂಚಿನಲ್ಲಿ ಅಪ್ಪಿ! ಮಗುವನ್ನು ಎದೆಗೆ ಬಟ್ಟೆಯಲ್ಲಿ ಬಿಗಿದುಕೊಂಡು, ಬಗ್ಗಿ ಕೆಸರು ಬಾಚುತ್ತಿದ್ದಳು. 

“ಅಪ್ಪೀ! ಮೇಲೆ ಬಾ! ಸಾಯ್ಲಿಕ್ಕುಂಟಾ ನಿಂಗೆ?”

ಅವಳು ಎದ್ದು ದಡ ಹತ್ತಿದಳು. ಹತ್ತುವಾಗ ಗೆರಟೆಯಲ್ಲಿದ್ದ ನೀರು ಚೆಲ್ಲಿಹೋಯಿತು. ಅವಳು ನಿಂತು, ನೆಲ ಹೀರಿಕೊಂಡ ಆ ಒದ್ದೆಯನ್ನೇ ನೋಡಿದಳು. 

ಎರಡನೆಯ ಗರ್ನಾಲು ಸಿಡಿಯಿತು. ಮೂರನೆಯದೂ ಸಿಡಿಯಿತು.

“ಮಾವ?” ಎಂದ ಬಟ್ಯ.

ಚನಿಯ ಪಿಕ್ಕಾಸನ್ನು ಹಿಂದಿನ ನೀರಿಗೆ ಎಸೆದುಬಿಟ್ಟ. “ನನ್ನಿಂದ ಆಗುದಿಲ್ಲ. ಬೆಂಕಿ ಇಡುದಾದ್ರೆ ಇಡ್ಲಿ. ಆ ಬೋಳಿಮಗ ಬಂದು ಅವನ ಕೈಯಿಂದಲೇ ಒಡೀಲಿ.”  ಕಟ್ಟದ ಮೇಲೆಯೇ ಕೂತುಬಿಟ್ಟ.

ಬಂದರು. ಮೊದಲು ವಾಸಪ್ಪ, ಹಿಂದೆ ಬೆವರಿಳಿಸುತ್ತಾ ಆಳ್ವರೂ ಅವರ ಒಕ್ಕಲಿನವರೂ ಊರ ಜನವೂ, ಅವರ ಹಿಂದೆ ಪಟ್ಟಣದ ನಾಲ್ಕು ಜನ. ಒಣ ಹೊಳೆ ನೋಡಿ ಕುತೂಹಲ ಹುಟ್ಟಿ, ನೀರು ಎಲ್ಲಿ ಹೋಯಿತೆಂದು ನೋಡಲು ತಾವೂ ಹೊರಟು ಬಂದಿದ್ದರು. ಅವರಲ್ಲಿ ಹಿರಿಯರು ಪುರುಷೋತ್ತಮರಾಯರೆಂಬ ವಕೀಲರು. ಬಿಳಿ ಪಂಚೆ, ಕಪ್ಪು ಕೋಟು, ಹೊಸ ಬೂಟು. ನಿಂತ ನೀರನ್ನು ಕಂಡು ಅವರ ಬಾಯಿ ತೆರೆದುಕೊಂಡಿತು.

“ಅಬ್ಬಾ! ಇಷ್ಟೊಂದು ನೀರು!”

ಆಳ್ವರ ಮುಖದಲ್ಲಿ ಅರೆಗಳಿಗೆ ರಕ್ತವಿರಲಿಲ್ಲ. ಮರುಗಳಿಗೆ ಮಾತು ಹರಿದು ಬಂತು. “ನೋಡಿದ್ರಲ್ಲ ರಾಯರೇ, ನಿಮ್ಮ ಕಣ್ಣಿನಿಂದಲೇ ನೋಡಿದ್ರಲ್ಲ! ಹೊಳೆಯಲ್ಲಿ ನೀರು ಇಲ್ಲದ್ದಲ್ಲ. ಈ ಕಳ್ಳರು ಅಡ್ಡ ಕಟ್ಟಿ ಇಟ್ಟುಕೊಂಡಿದ್ದಾರೆ. ಅದಕ್ಕೇ ಕೆಳಗೆ ಒಣಗಿದ್ದು.”

ಚನಿಯ ಎದ್ದು ನಿಂತ. ತಾನು ಕೇಳಿದ್ದು ಇದೇ ಹೌದಾ ಎಂದು ಅವನಿಗೆ ಸಂಶಯವಾಯಿತು.

“ಯಾರಪ್ಪ ಕಟ್ಟಿದ್ದು?” ಎಂದರು ವಕೀಲರು. “ಹತ್ತಿರ ಬಾ, ಹೆದರಬೇಡ. ಈಗ ದೇಶದಲ್ಲಿ ಅಸ್ಪೃಶ್ಯತೆ ಇಲ್ಲ. ಕಾನೂನೇ ಆಗಿದೆ.”

“ನಾನು ಸ್ವಾಮೀ. ಧನಿಗಳೇ ಏರಿಸ್ಲಿಕ್ಕೆ ಹೇಳಿದ್ದು, ನಿಮಗೆ ತೋರಿಸ್ಲಿಕ್ಕೆ. ಎಂಟು ದಿನ ಒಟ್ಟು ಮಾಡಿದ ನೀರು ಇದು. ಒಡೆದ್ರೆ ಸಾಯಂಕಾಲಕ್ಕೆ ಮುಗೀತದೆ. ಮತ್ತೆ ಹೊಳೆಯೂ ಇಲ್ಲ, ನಮಗೆ ಕುಡೀಲಿಕ್ಕೂ ಇಲ್ಲ.” ಜೀವಮಾನದಲ್ಲಿ ಅಷ್ಟು ಉದ್ದದ ಮಾತನ್ನು ಅವನು ಒಟ್ಟಿಗೆ ಆಡಿರಲಿಲ್ಲ.

ವಕೀಲರು ಆಳ್ವರನ್ನು ನೋಡಿದರು. ಆಳ್ವರು ಬೆರಳು ಮಡಚಿ ಬಾಯಿಯ ಹತ್ತಿರ ಹಿಡಿದು, ಕಳ್ಳು ಕುಡಿಯುವವನ ಹಾಗೆ ತೋರಿಸಿ ನಕ್ಕರು. ವಕೀಲರು ನಿಂತ ನೀರನ್ನು ಇನ್ನೊಮ್ಮೆ ನೋಡಿದರು. ಚನಿಯನನ್ನು ನೋಡಿದರು. ಯಾವುದನ್ನು ನಂಬಿದರೆ ಬೇಗ ಮನೆಗೆ ಹೋಗಬಹುದೋ ಅದನ್ನೇ ನಂಬಿದರೆಂದು ಕಾಣುತ್ತದೆ.

“ಹಾಗಾದರೆ ಪಾಲು ಬಿಡುವ ಪ್ರಶ್ನೆಯೇ ಬರುವುದಿಲ್ಲ,” ಎಂದು ಜೊತೆಯವರಿಗೆ ಹೇಳಿದರು. “ನೀರು ಬೇಕಾದಷ್ಟಿದೆ. ಸಾರ್ವಜನಿಕ ಹೊಳೆಗೆ ಅಡ್ಡಿ ಮಾಡಿದ ಇವರ ಮೇಲೆ ಕೇಸು ಹಾಕಿಸಿ. ಮೊದಲು ಇದನ್ನು ಒಡೆಸಿ.”

ಬಟ್ಯನ ಮುಖ ನೋಡಲಾಗಲಿಲ್ಲ ಚನಿಯನಿಗೆ. ಪಾಪದ ಹುಡುಗ, ಓದಿದವರನ್ನು ನಂಬಿದ್ದ.

ವಾಸಪ್ಪನೂ ಆಳ್ವರ ಒಕ್ಕಲಿನವರು ನಾಲ್ವರೂ ಕಟ್ಟ ಹತ್ತಿದರು. ಗದ್ದಲಕ್ಕೆ ಓಡಿಬಂದಿದ್ದ ಕಿನ್ನಿಯೂ ಹೆಂಗಸರೂ ಸೇರಿ ಕೇರಿಯವರು ದೂರ ಸರಿದರು, ಮೈ ತಾಗಬಾರದೆಂದು. ಹುಟ್ಟಿದಂದಿನಿಂದ ಆದ ಅಭ್ಯಾಸ, ಕಾಲು ತನ್ನಷ್ಟಕ್ಕೆ ಸರಿಯುತ್ತದೆ. ಸರಿಯುತ್ತಾ ಸರಿಯುತ್ತಾ ಚನಿಯನಿಗೆ ಏನೋ ಹೊಳೆಯಿತು. ಅಲ್ಲಿಯೇ ನಿಂತ.

ಪಿಕ್ಕಾಸಿನ ಏಟು ನಡುಮಧ್ಯಕ್ಕೆ ಬಿತ್ತು. ಅವನು ಬೆನ್ನು ಕೊಟ್ಟು ಮುಚ್ಚಿದ್ದ ಅದೇ ಜಾಗ. ಮಣ್ಣು ಸಡಿಲಿತು, ಒಂದು ಕಲ್ಲು ಉರುಳಿತು, ಇನ್ನೊಂದು ಉರುಳಿತು. ಬಾಯಿ ತೆರೆದು ನೀರು ಭೋರೆಂದು ನುಗ್ಗಿತು. ವಾಸಪ್ಪನ ಕಡೆಯವರು ಹಾರಿ ದಡ ಸೇರಿದರು.

ಚನಿಯ ಒಳಬದಿಯಿಂದ ನೀರಿಗೆ ಹಾರಿದ. ಸೆಳವು ಅವನನ್ನು ಎತ್ತಿ ತಂದು ಕಟ್ಟದ ಬಾಯಿಗೆ ಬಡಿಯಿತು. ಎರಡೂ ಕೈ ಅಗಲಿಸಿ ಕಲ್ಲು ಹಿಡಿದು, ಕಾಲು ಊರಿ, ಬೆನ್ನು ಕೊಟ್ಟು ನಿಂತ. ಪಕ್ಕೆಲುಬು ಮುರಿಯುವ ಹಾಗೆ ನೀರು ಎದೆಗೆ ಒತ್ತಿತು. ಭೋರ್ಗರೆತ ಕಡಿಮೆಯಾಗಿ, ಸಂದಿಗಳಿಂದ ಮಾತ್ರ ನೀರು ಚಿಮ್ಮತೊಡಗಿತು.

“ಕಿನ್ನೀ! ಮಣ್ಣು!”

ಹೇಳಬೇಕಾದ್ದೇ ಇರಲಿಲ್ಲ. ಕಿನ್ನಿ ಬುಟ್ಟಿ ಹೊತ್ತು ಹೊರಬದಿಗೆ ಇಳಿದಾಗಿತ್ತು. ಬಟ್ಯ ಕಲ್ಲು ತಂದ. ಕೇರಿಯ ಹೆಂಗಸರು ದಡದ ಜೇಡಿಯನ್ನು ಕೈಯಿಂದಲೇ ತೋಡಿ ತೋಡಿ ಸಾಗಿಸಿದರು. ವಕೀಲರ ಪಂಚೆಗೆ ಕೆಸರು ಸಿಡಿಯಿತು.

“ಎಳೀರಾ ಅವನನ್ನು!” ಆಳ್ವರು ಕಿರುಚಿದರು. “ವಾಸಪ್ಪಾ, ಎಂತ ನೋಡ್ತೀಯಾ? ಮೇಲೆ ಎಳಿ!”

ವಾಸಪ್ಪ ಬಂದು ಬಗ್ಗಿದ. ಕೈ ಚಾಚಿದ. ಚನಿಯನ ತೋಳಿಗೆ ಒಂದು ಗೇಣು ಇರುವಾಗ ಕೈ ಅಲ್ಲಿಯೇ ನಿಂತುಬಿಟ್ಟಿತು. ಊರೆಲ್ಲ ನೋಡುತ್ತಿದೆ. ಮೇರನನ್ನು ಮುಟ್ಟಿ ತಬ್ಬಿ ಎಳೆಯುವುದೆಂದರೆ! ಒಕ್ಕಲಿನವರ ಕಡೆ ನೋಡಿದ. ಅವರು ನೆಲ ನೋಡಿದರು. ಆಮೇಲೆ ಪಿಕ್ಕಾಸಿನ ಕಾವು ಹಿಡಿದು ಚನಿಯನ ಭುಜಕ್ಕೆ ತಿವಿದ. ಯಾರೋ ಕಲ್ಲು ಎಸೆದರು. ಹಣೆ ಒಡೆದು ರಕ್ತ ಕಣ್ಣಿಗೆ ಇಳಿಯಿತು.

“ಕೋಲು ಯಾಕೆ ವಾಸಪ್ಪಣ್ಣಾ?” ಎಂದ ಚನಿಯ. ಉಸಿರು ಸಾಲುತ್ತಿರಲಿಲ್ಲ. “ಕೈಯಿಂದ ಎಳಿ. ಧನೀ, ನೀವಾದ್ರೂ ಬನ್ನಿ. ಮುಟ್ಟಿ. ಮುಟ್ಟಿ ಎಳೀರಿ.”

ಯಾರೂ ಅಲುಗಲಿಲ್ಲ. 

ಚನಿಯ ರಕ್ತ ಇಳಿಯುವ ಕಣ್ಣನ್ನು ವಕೀಲರ ಕಡೆ ತಿರುಗಿಸಿದ. “ದೇಶದಲ್ಲಿ ಈಗ ಇಲ್ಲ ಅಂದ್ರಲ್ಲ ಸ್ವಾಮೀ. ಕೈ ಕೊಡಿ.”

ಪುರುಷೋತ್ತಮರಾಯರು ಬೂಟಿನ ಹತ್ತಿರ ಬಂದ ಕೆಸರು ನೀರನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ವಾಸಪ್ಪ ಕಾವನ್ನು ಮತ್ತೆ ಎತ್ತಿದ. ಕೆಳಗಿನಿಂದ ಕಿನ್ನಿ ಇನ್ನೊಂದು ಮುದ್ದೆ ಜೇಡಿ ತಂದು ಗಂಡನ ಬೆನ್ನಿಗೆ ಮೆತ್ತಿ, ಅಂಗೈಯಿಂದ ತಟ್ಟಿದಳು.