ತನ್ನ ಮನೆಯ ವಾಸನೆ

ಅಕ್ಕನ ಕೆಲಸ ಮೂಗಿನದು. ಗಿರಾಕಿಗಳು ಬೇಡವೆಂದು ಹಿಂದಿರುಗಿಸಿದ ಬಟ್ಟೆಗಳೆಲ್ಲ ಆ ಉದ್ದನೆಯ ಗೋದಾಮಿಗೆ ಬಂದು ಬೀಳುತ್ತಿದ್ದವು. ಒಂದೊಂದನ್ನೂ ಬಿಚ್ಚಿ ಕಾಲರು, ಕಂಕುಳು, ಸೊಂಟದ ಪಟ್ಟಿಗೆ ಮೂಗಿಟ್ಟು ನೋಡಬೇಕು. ಹೊಸದಾದರೆ ಹಸಿರು ಮುದ್ರೆ, ಮತ್ತೆ ಮಾರಾಟಕ್ಕೆ. ಯಾರೋ ತೊಟ್ಟು ಮೆರೆದದ್ದಾದರೆ ಕೆಂಪು ಮುದ್ರೆ. ಬಟ್ಟೆ ಗಿರಾಕಿಯ ಮನೆಗೇ ವಾಪಸ್ಸು, ದುಡ್ಡು ಮಾತ್ರ ಇಲ್ಲ.

ಈಚೆಗೆ ರಾಶಿ ವಿಪರೀತವಾಗಿತ್ತು. ಟಿ.ವಿ.ಯಲ್ಲಿ ಐದು ಗೆಳತಿಯರ ಧಾರಾವಾಹಿಯೊಂದು ಬರುತ್ತಿತ್ತು. ಆ ಐವರು ಹೊಟ್ಟೆಪಾಡಿಗೆ ಏನು ಮಾಡುತ್ತಾರೆಂದು ಯಾರಿಗೂ ತಿಳಿಯದು; ಒಮ್ಮೆ ತೊಟ್ಟದ್ದನ್ನು ಇನ್ನೊಮ್ಮೆ ತೊಡುವುದಿಲ್ಲ ಎಂಬುದು ಮಾತ್ರ ಎಲ್ಲರಿಗೂ ಗೊತ್ತು. ಅವರಲ್ಲೊಬ್ಬಳು ಹಳದಿ ಗೌನು ತೊಟ್ಟು ಮೆಟ್ಟಿಲಿಳಿದರೆ, ಹತ್ತು ದಿನದಲ್ಲಿ ಗೋದಾಮಿನ ತುಂಬ ಹಳದಿ ಗೌನುಗಳು.

"ಇವಳು ನೋಡು, ಚೆನ್ನಾಗಿ ಕುಣಿದು ಬಂದಿದಾಳೆ," ಎನ್ನುತ್ತಿದ್ದರು ಎದುರು ಮೇಜಿನ ಹಿರಿಯಾಕೆ. ಗೋದಾಮಿಗೆಲ್ಲ ಅವರು ದೊಡ್ಡಮ್ಮ. "ಇವಳು ಪಾಪ, ಬರೀ ಫೋಟೊ ತೆಗೆಸ್ಕೊಂಡಿದಾಳೆ. ಬೆವರೇ ಇಲ್ಲ."

ಅಕ್ಕನಿಗೆ ಅಷ್ಟು ಧೈರ್ಯವಿರಲಿಲ್ಲ. ಒಂದೇ ಬಟ್ಟೆಯನ್ನು ಎರಡು ಸಲ ಮೂಸಿ, ಆಮೇಲೂ ಅನುಮಾನ ಪಡುವ ಜಾತಿ ಅವಳದು. ಹಾಗಿದ್ದೂ ಒಂದು ಬೆಳಿಗ್ಗೆ ಸೂಪರ್‌ವೈಸರ್ ಹಳದಿ ಗೌನೊಂದನ್ನು ತಂದು ಅವಳ ಮುಂದೆ ಹಾಕಿದ.

"ಹೊಸದು ಅಂತ ಮಾರಿದ್ವಿ. ಯಾರೋ ಹಾಕಿ ಬಿಟ್ಟಿದ್ದು ಅಂತ ತಗೊಂಡವರ ದೂರು. ಹಸಿರು ಮುದ್ರೆ ನಿಮ್ಮದೇ ಮೇಡಂ. ಈ ತಿಂಗಳಲ್ಲಿ ಎರಡನೇದು. ಮೂರನೇದು ಬಂದ್ರೆ ನಿಮ್ಮನ್ನ ಖಾಯಂ ಮಾಡೋ ಮಾತು ಬಿಡಿ, ಈ ಮೇಜೇ ಇರಲ್ಲ."

ಅವನು ಅತ್ತ ಹೋದದ್ದೇ ಅಕ್ಕ ಗೌನನ್ನು ಮೂಸಿದಳು. ಏನೂ ಇಲ್ಲ. ಕಂಕುಳು ಮೂಸಿದಳು, ಒಳಮಗ್ಗುಲು ತಿರುವಿ ಮೂಸಿದಳು. ಏನೇನೂ ಇಲ್ಲ. ಮೂಗೇ ಹೋಯಿತೇ ಎಂದು ಗಾಬರಿಯಾಗಿ ಪಕ್ಕದ ಕೆಂಪು ಅಂಗಿ ಎತ್ತಿಕೊಂಡರೆ ಅದರಲ್ಲಿ ಸಿಗರೇಟು, ಸೆಂಟು ಎರಡೂ ಸರಿಯಾಗಿ ಹೊಡೆದವು.

"ದೊಡ್ಡಮ್ಮ, ಸ್ವಲ್ಪ ಇದನ್ನ ನೋಡಿ."

ದೊಡ್ಡಮ್ಮ ಮೂಗಿಟ್ಟವರೇ ನಕ್ಕುಬಿಟ್ಟರು. ಆಮೇಲೆ ನಗು ನಿಂತಿತು. "ಇದು ನಿನ್ನ ವಾಸನೆ ಕಣೇ."

"ಅಯ್ಯೋ! ನನ್ನಾಣೆಗೂ ನಾನು ಹಾಕಿಲ್ಲ."

"ನಿನ್ನ ಮೈದಲ್ಲ, ನಿಮ್ಮನೇದು. ದಿನಾ ಬೆಳಿಗ್ಗೆ ನಿನ್ನ ಜೊತೆಗೇ ಬರುತ್ತಲ್ಲ. ನಿಮ್ಮಮ್ಮ ಮಂಡಿಗೆ ಹಚ್ಚೋ ಮುಲಾಮು, ಒದ್ದೆ ಗೋಡೆ, ಆ ಅಗ್ಗದ ಸೋಪು. ನಿನಗೆ ಗೊತ್ತಾಗಲ್ಲ. ಅವರವರ ಮನೆ ವಾಸನೆ ಅವರವರಿಗೆ ಎಲ್ಲಿ ಬರುತ್ತೆ?"

ಮನೆಯಲ್ಲಿದ್ದುದು ಮೂವರು. ಮಂಡಿನೋವಿನ ಅಮ್ಮ ಹಳದಿ ಗೌನು ತೊಡುವವಳಲ್ಲ. ಉಳಿದವಳು ತಂಗಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವವಳು.

ಅಂದು ಸಂಜೆ ಅಕ್ಕ ಕಾಲು ಸುಟ್ಟ ಬೆಕ್ಕಿನಂತೆ ಮನೆಯೆಲ್ಲ ಸುತ್ತಿದಳು. ದಿಂಬು ಮೂಸಿದಳು, ಪರದೆ ಮೂಸಿದಳು, ತನ್ನ ಸೆರಗನ್ನೇ ಮೂಸಿದಳು. ಟಿ.ವಿ. ಮುಂದೆ ಕೂತಿದ್ದ ತಂಗಿ ತಿರುಗಿ ನೋಡಿದಳು.

"ಏನೇ ಅಕ್ಕ, ಕೆಲಸ ಮನೆಗೂ ತಂದ್ಯಾ?"

"ಆ ಹಳದಿ ಗೌನು ನೀನು ಹಾಕಿ ವಾಪಸ್ ಕೊಟ್ಟಿದ್ದಾ?"

ತಂಗಿ ಟಿ.ವಿ.ಯ ಸದ್ದು ಕಡಿಮೆ ಮಾಡಿದಳು. ಸುಳ್ಳು ಹೇಳಲಿಲ್ಲ. "ಬೆಲೆ ಚೀಟಿ ಒಳಗೆ ಸಿಕ್ಕಿಸ್ಕೊಂಡ್ರೆ ಯಾರಿಗೂ ಕಾಣಲ್ಲ. ಎಲ್ಲರೂ ಮಾಡ್ತಾರೆ. ಸೋಮವಾರದ್ದು ಗುರುವಾರ ಹಾಕಿದ್ರೆ ಕ್ಲಿನಿಕ್ಕಿನವರು 'ಏನೇ, ಮರುಪ್ರಸಾರನಾ?' ಅಂತಾರೆ. ನಿನಗೇನು, ಗೋದಾಮಲ್ಲಿ ಯಾರು ನೋಡ್ತಾರೆ?"

"ಅದು ನನ್ನ ಕೈಗೇ ಬಂತು ಕಣೇ. ನಾನೇ ಹೊಸದು ಅಂತ ಮುದ್ರೆ ಒತ್ತಿದೀನಿ. ಇನ್ನೊಂದು ಹಾಗಾದ್ರೆ ನನ್ನ ಮೇಜು ಹೋಗುತ್ತೆ."

ತಂಗಿಯ ಮುಖ ಇಳಿದುಹೋಯಿತು. "ನೀಲಿದೊಂದು ಇದೆ. ನಿನ್ನೆ ಕೊಟ್ಟುಬಂದೆ. ಬೆನ್ನ ಮೇಲೆ ಬೆಳ್ಳಿ ದಾರದ್ದು. ಅರ್ಧ ಸಂಬಳ ಅಕ್ಕ, ಅದು ವಾಪಸ್ ಬರದಿದ್ರೆ ನಾನು ಸತ್ತೆ."

"ನನಗೆ ಅದರ ವಾಸನೇನೇ ಬರಲ್ಲ."

"ಮತ್ತಿನ್ನೇನು! ಬಂದೂ ಬರಲಿಲ್ಲ ಅಂದ್ರೆ ಸುಳ್ಳು. ನಿನಗೆ ನಿಜವಾಗ್ಲೂ ಬರಲ್ಲವಲ್ಲ. ಬರಲಿಲ್ಲ ಅಂತ ಒತ್ತು. ದೇವರೂ ಕೇಳಲ್ಲ."

ರಾತ್ರಿ ಹಾಸಿಗೆಯಲ್ಲಿ ಹೊರಳಾಡುತ್ತ ಅಕ್ಕ ಆ ಮಾತನ್ನೇ ತಿರುವಿ ಹಾಕಿದಳು.

ಮರುದಿನ ಹನ್ನೊಂದಕ್ಕೆ ನೀಲಿ ಬಂತು, ಬೆನ್ನ ಮೇಲೆ ಬೆಳ್ಳಿ ದಾರ. ಅಕ್ಕ ಮೂಸಿದಳು. ಅಂಗಡಿಯಿಂದ ಈಗ ತಾನೇ ಬಿಚ್ಚಿದಂತಿತ್ತು. ಆ ಬೆಳ್ಳಿ ದಾರದ ಬೆನ್ನು ತೋರಿಸಿ ತಂಗಿ ಕನ್ನಡಿಯ ಮುಂದೆ ಹೇಗೆ ತಿರುಗಿ ನಿಂತಿರಬಹುದೆಂದು ಬೇಡವೆಂದರೂ ಕಣ್ಣಿಗೆ ಕಟ್ಟಿತು. ಚೆಂದವೇ ಕಂಡಿರುತ್ತಾಳೆ, ಪಾಪ. ದೊಡ್ಡಮ್ಮನ ಕೈಗೆ ಕೊಡೋಣವೆಂದು ಅರ್ಧ ಎದ್ದಳು. ತನ್ನ ಮುಖ ನೋಡಿ ಅವರು 'ಏನೂ ಇಲ್ಲ ಬಿಡು' ಎಂದುಬಿಟ್ಟರೆ? ಅವರ ಬಾಯಿಂದ ಸುಳ್ಳು ಹೇಳಿಸಿದ ಪಾಪ ಬೇರೆ. ಕೂತಳು. ಹಸಿರು ಮುದ್ರೆಯ ಮೇಲೆ ಕೈಯಿಟ್ಟಳು, ತೆಗೆದಳು. ಮೂಗು ಹೊಸದೆನ್ನುತ್ತಿತ್ತು. ಅವಳಿಗೆ ಗೊತ್ತಿದ್ದುದು ಬೇರೆ.

ಕೆಂಪು ಒತ್ತಿದಳು.

ಕೆಂಪು ಮುದ್ರೆಯ ಚೀಟಿಯಲ್ಲಿ 'ಯಾವ ವಾಸನೆ' ಎಂಬ ಸಾಲನ್ನು ತುಂಬಬೇಕಿತ್ತು. ಪೆನ್ನು ಹಿಡಿದು 'ಮುಲಾಮು, ಒದ್ದೆ ಗೋಡೆ' ಎಂದು ಬರೆದಳು. ಮೂಗಿಗೆ ಬಾರದ್ದನ್ನು ಬರೆದದ್ದು ಅದೇ ಮೊದಲು. ನೀಲಿ ಗೌನು ಓಡುವ ಬೆಲ್ಟಿನ ಮೇಲೆ ಸಾಗಿ ಮರೆಯಾಯಿತು. ಮಧ್ಯಾಹ್ನದೊಳಗೆ ತಂಗಿಯ ಫೋನಿಗೆ ಸುದ್ದಿ ಮುಟ್ಟುತ್ತದೆ. ಸಂಜೆ ಮನೆಯಲ್ಲಿ ಏನು ಕಾದಿದೆಯೋ.

ಮುಂದಿನದನ್ನು ಎತ್ತಿಕೊಂಡಳು. ಬಿಳಿ ಅಂಗಿ. ಮೂಸಿದಳು, ಏನೂ ಇಲ್ಲ. ಏನೂ ಇಲ್ಲವೆಂದರೆ ಏನೂ ಇಲ್ಲವೋ, ಅಥವಾ ತನಗಷ್ಟೇ ಇಲ್ಲವೋ? ಇನ್ನೊಮ್ಮೆ ಮೂಸಿದಳು. ಮತ್ತೊಮ್ಮೆ. ಎಡಗಡೆ ರಾಶಿ ಏರುತ್ತಲೇ ಇತ್ತು.

"ಬೇಗ ಮೇಡಂ!" ಎಂದು ಕೂಗಿದ ಸೂಪರ್‌ವೈಸರ್.

"ಒಂದೇ ನಿಮಿಷ," ಎಂದಳು ಅಕ್ಕ, ಬಿಳಿ ಅಂಗಿಯಿಂದ ಮುಖವೆತ್ತದೆ.