ಲೇಬಲ್ ಕಡೆಯ ತುಂಡು

ಕಂದು ಉಂಗುರಗಳು, ಒಂದರ ಪಕ್ಕ ಒಂದು, ಬಾಯಿ ತೆರೆದುಕೊಂಡು, ಹದಿನೇಳು, ಹದಿನೆಂಟು, ಅಯ್ಯೋ ಇಷ್ಟೊಂದಾ, ಅವಳು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ, ತೆಗೆದರೆ ಎಣಿಕೆ ತಪ್ಪುತ್ತದೆ, ಹನ್ನೆರಡು ವರ್ಷದಿಂದ ಈ ಲ್ಯಾಬಿನಲ್ಲಿ ಇದೇ ಕೆಲಸ, ಗರ್ಭಕೋಶದ ಗಂಟುಗಳ ಚೂರನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ರಕ್ತನಾಳಕ್ಕೆ ಮಾತ್ರ ಹಿಡಿಯುವ ಕಂದು ಬಣ್ಣ ಹಾಕಿ ಎಣಿಸುವುದು, ಕ್ಯಾನ್ಸರಲ್ಲದ ಗಂಟುಗಳು, ಪಾಪದ ಗಂಟುಗಳು, ಕೂತಲ್ಲೇ ಕೂತು ನಾಳಗಳನ್ನು ಕರೆಯುತ್ತವೆ, ಅವೂ ಬರುತ್ತವೆ, ದಾರಿ ಹೇಳಿಕೊಟ್ಟವರು ಯಾರೋ, ಇಪ್ಪತ್ಮೂರು, ಇವತ್ತಿನ ಚೂರು ಬೇರೆ ಹೆಂಗಸಿನದಲ್ಲ, ಅವಳದೇ, ಮೊನ್ನೆ ಪರೀಕ್ಷೆಗೆಂದು ತೆಗೆದದ್ದು. ತಿಂಗಳಲ್ಲಿ ಹದಿನೈದು ದಿನ ರಕ್ತ, ಬಸ್ಸಿನ ಸೀಟಿನಿಂದ ಎದ್ದಾಗಲೆಲ್ಲ ಹಿಂತಿರುಗಿ ನೋಡುವ ಅಭ್ಯಾಸ, ತೆಗೆಸಿ ಬಿಸಾಕೇ, ಮೂವತ್ತೆಂಟಾಯ್ತು, ಇನ್ನೆಂಥ ಮಗು ಎಂದಳು ಅತ್ತಿಗೆ, ಮಗುವಿಗೆಂದು ಪುಟ್ಟ ಕೋಣೆಗೆ ಹಳದಿ ಬಳಿದವನು ಗಂಡ, ಆರು ವರ್ಷವಾಯಿತು. ಗಂಟಷ್ಟೇ ತೆಗೀಬಹುದು, ಗರ್ಭಕೋಶಾನೇ ತೆಗೀಬಹುದು, ಮಧ್ಯಾಹ್ನದೊಳಗೆ ನೀವೇ ಹೇಳಿಬಿಡಿ ಎಂದರು ಸರ್ಜನ್, ನಾನೇ ಹೇಳಬೇಕಂತೆ, ಬೇಡಪ್ಪಾ, ಎಣಿಕೆಯೇ ಹೇಳಲಿ, ಮೂವತ್ತು ದಾಟಿದರೆ ಎಲ್ಲಾ ಹೋಗಲಿ ಎಂದು ಅವಳು ಯಾರಿಗೂ ತಿಳಿಸದೆ ತೀರ್ಮಾನಿಸಿ, ಸ್ವಂತ ಹೆಸರಿನ ಲೇಬಲ್ ಕಣ್ಣಿಗೆ ಬೀಳದಿರಲೆಂದು ಗಾಜನ್ನೇ ತಿರುಗಿಸಿ ಇಟ್ಟಿದ್ದಳು. ನಲವತ್ನಾಲ್ಕು. ಸರ್ಜನ್ ಬಳಿಯ ನರ್ಸಿಗೆ ಫೋನು ಮಾಡಿದಳು, ಪೂರ್ತಿ ತೆಗೆದುಬಿಡಿ ಸಿಸ್ಟರ್, ಆಯ್ತಮ್ಮಾ, ಬರ್ಕೊಂಡೆ.

ಅಷ್ಟರಲ್ಲಿ ಮೇಡಂ, ಲ್ಯಾಬಿನ ಹಿರಿಯ ಡಾಕ್ಟರು, ಟೀ ಕಪ್ಪು ಹಿಡಿದುಕೊಂಡೇ ಬಗ್ಗಿ ಇಣುಕಿ, ಏನೇ ಹುಡುಗೀ, ಗಾಜು ಉಲ್ಟಾ ಇಟ್ಕೊಂಡು ಕಂಟ್ರೋಲ್ ಎಣಿಸ್ತಾ ಕೂತಿದ್ದೀಯಲ್ಲ, ನಕ್ಕು ಹೋದರು, ನಗುತ್ತಾರೆ, ಅವರಿಗೇನು, ಅವಳು ಲೇಬಲ್ ಯಾವ ಕಡೆಗಿದೆ ಎಂದು ನೋಡಿದಳು. ಪ್ರತಿ ಗಾಜಿನಲ್ಲೂ ಎರಡು ತುಂಡು, ಒಂದು ರೋಗಿಯದು, ಲೇಬಲ್ ಕಡೆಯದು ಯಾವಾಗಲೂ ಲ್ಯಾಬಿನ ಒಂದು ಹಳೆಯ ಮೇಣದಚ್ಚಿನದು, ಗಾಜು ತಿರುಗಿಸಿದ್ದಕ್ಕೆ ಕಣ್ಣಿಗೆ ಬಿದ್ದದ್ದು ಅದೇ, ಬಣ್ಣ ಸರಿಯಾಗಿ ಹಿಡಿಯಿತೇ ಎಂದು ನೋಡುವುದಕ್ಕಷ್ಟೇ, ಇವಳು ಕೆಲಸಕ್ಕೆ ಸೇರುವ ಮೊದಲೇ ಯಾವಳೋ ಪುಣ್ಯಾತ್ಗಿತ್ತಿ ಬಿಟ್ಟುಹೋದ ಗರ್ಭಕೋಶ, ಹೆಸರಿಲ್ಲ, ಇದ್ದಾಳೋ ಸತ್ತಳೋ, ಎಷ್ಟು ಕೊಯ್ದರೂ ಅದು ಮುಗಿಯುವುದೇ ಇಲ್ಲ, ಅವಳ ನಾಳ ಎಣಿಸಿ ನನ್ನ ಹೊಟ್ಟೆ ಬರೆದುಕೊಟ್ಟೆನಲ್ಲಾ, ಥೂ ನನ್ನ ಬುದ್ಧಿಗಿಷ್ಟು, ಒಂದು ಕೈಯಲ್ಲಿ ಮತ್ತೆ ಫೋನು ಒತ್ತುತ್ತಾ ಇನ್ನೊಂದರಲ್ಲಿ ಗಾಜು ಸರಿಸುವ ತಿರುಪು ತಿರುಗಿಸಿದಳು, ಕಂದು ಸರಿಯಿತು, ಖಾಲಿ ಗಾಜು, ಬೆಳ್ಳಗೆ, ಮೈದಾನದಷ್ಟು ಬೆಳ್ಳಗೆ, ಆಮೇಲೆ ನೀಲಿ, ನಾಳವಿಲ್ಲದ ಕಡೆ ಹಿಡಿಯುವ ಬಣ್ಣ, ತನ್ನದು, ಬರೀ ನೀಲಿ, ಒಂದು ಉಂಗುರ, ಎರಡು, ಹುಡುಕಿದರೂ ಒಂಬತ್ತು ದಾಟಲಿಲ್ಲ, ಒಂಬತ್ತೇ ಕಣೇ ಎಂದು ತನಗೆ ತಾನೇ ಹೇಳಿಕೊಂಡಳು, ಖುಷಿಗೆ ಅಳು ಬಂತು, ಫೋನಿನಲ್ಲಿ ಸಿಸ್ಟರ್, ಹಲೋ, ಹೇಳಮ್ಮಾ. ಬೇಡ ಅನ್ನಬೇಕು, ಒಂದೇ ಮಾತು, ಆದರೆ ನೀಲಿಯ ಅಂಚಿನಲ್ಲಿ ಅದೇನದು, ಹತ್ತನೆಯದು, ಉಂಗುರವಲ್ಲ, ಕಂದು ಎಳೆ, ತುಂಡಿನಿಂದ ಹೊರಗೆ, ಏನೂ ಬೆಳೆಯಲಾಗದ ಬರಿಗಾಜಿನ ಮೇಲೆ, ಬಣ್ಣ ಸೋರಿರಬೇಕು, ಅಷ್ಟೇ, ಅವಳು ಕಣ್ಣುಜ್ಜಿ ಮತ್ತೆ ನೋಡಿದಳು, ಕೂದಲಿನಷ್ಟು ಮುಂದೆ ಬಂದಿತ್ತು, ಹೆಸರಿಲ್ಲದ ಆ ಹೆಂಗಸಿನ ತುಂಡು ಇರುವ ಕಡೆಗೇ, ಹಲೋ, ತೆಗೀಬೇಕಾ ಬೇಡ್ವಾ, ಹೇಳಮ್ಮಾ ಬೇಗ, ಅವಳ ಬೆರಳು ತಿರುಪನ್ನೇ ತಿರುಗಿಸುತ್ತಿತ್ತು, ಬೆಳ್ಳನೆಯ ಗಾಜಿನ ಮೇಲೆ ಕಂದು ತುದಿ, ಕಂದು ತುದಿ—