ಮಗ್ಗಿನಲ್ಲಿ ಉಳಿದ ಬೂದಿ

ಮದರಾಸಿನ ಗಿಂಡಿ ಬಡಾವಣೆಯಲ್ಲಿ ನಮ್ಮದು ಪಾಲಿಥಿನ್ ಮಗ್ ಮಾಡುವ ಸಣ್ಣ ಕಾರ್ಖಾನೆ. ಪಾಲಿಥಿನ್ನಿನ ಮೆದು ಜಾತಿ, ಗಡಸು ಜಾತಿ ಎರಡನ್ನೂ ಬೆರೆಸಿ ಕರಗಿಸಿ ಅಚ್ಚಿಗೆ ಬಿಡುತ್ತಿದ್ದೆವು. ಅಲ್ಲಿ ಕೆಮಿಸ್ಟ್ ಆಗಿದ್ದ ನಾನು, ತಿರುಮಲೇಶ, ಯಾರನ್ನೂ ಸುಲಭಕ್ಕೆ ನಂಬಿದವನಲ್ಲ. ಅದನ್ನೇ ಜಾಣತನವೆಂದುಕೊಂಡಿದ್ದೆ.

೧೯೬೬ರ ದೀಪಾವಳಿ ಕಳೆದ ಮೇಲೆ ಮಗ್ಗುಗಳು ಕೆಟ್ಟವು. ಅಚ್ಚಿನಲ್ಲಿ ಬೇಗ ಗಟ್ಟಿಯಾಗುತ್ತಿದ್ದವು, ಕೈಜಾರಿದರೆ ಸೀಳಿಹೋಗುತ್ತಿದ್ದವು. ತೆಳು ಚೂರೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಆರಾಮವಾಗಿ ಹರಡಿ ಬೆಳೆಯಬೇಕಾದ ಹರಳುಗಳು ಪುಟ್ಟಪುಟ್ಟದಾಗಿ ಇಕ್ಕಟ್ಟಿನಲ್ಲಿ ತುಂಬಿದ್ದವು. ಕಲ್ಲುಪುಡಿಯಂಥದ್ದು ಸೇರಿದರೆ ಹೀಗಾಗುತ್ತದೆ. ಒಂದೊಂದು ಕಣವನ್ನೂ ಹಿಡಿದು ಒಂದೊಂದು ಹರಳು ಹುಟ್ಟಿಕೊಳ್ಳುತ್ತದೆ. ಚೂರನ್ನು ಸುಟ್ಟೆ. ಶುದ್ಧ ಪಾಲಿಥಿನ್ ಆದರೆ ಏನೂ ಉಳಿಯಬಾರದು. ಬಿಳಿ ಬೂದಿ ಉಳಿಯಿತು.

ಅಚ್ಚಿನ ಮುಂದೆ ನಿಲ್ಲುತ್ತಿದ್ದ ಸುಬ್ರಾಯನ ಅಂಗೈ ಯಾವಾಗಲೂ ಬೆಳ್ಳಗಿರುತ್ತಿತ್ತು. ಉಡುಪಿ ಕಡೆಯವನು, ಹೋಟೆಲಿನ ಅಡುಗೆಮನೆಯಲ್ಲೇ ಬೆಳೆದವನು. ಕೇಳಿದರೆ, ಬಿಸಿ ಮಾಲು ಅಂಟದಿರಲೆಂದು ಅಕ್ಕಿಹಿಟ್ಟು ಸವರಿಕೊಳ್ಳುತ್ತೇನೆ, ರೊಟ್ಟಿ ತಟ್ಟಿದ ಕೈಯ ರೂಢಿ ಎಂದ. ಕಾರ್ಖಾನೆಯಲ್ಲಿ ಅಕ್ಕಿಹಿಟ್ಟಂತೆ! ನನ್ನ ಕಿವಿಗೆ ಹೂವಿಡಲು ಬಂದಿದ್ದಾನೆ ಅನಿಸಿತು. ಆ ಹಿಟ್ಟನ್ನೂ ಒಂದು ಚಿಟಿಕೆ ಸುಟ್ಟು ನೋಡಬಹುದಿತ್ತು, ನೋಡಲಿಲ್ಲ. ಎರಡು ದಿನ ಕಂಬದ ಮರೆಯಲ್ಲಿ ನಿಂತು ಕಾದೆ. ಅವನು ಕೆಮ್ಮಿದ್ದೂ ಕಳ್ಳತನವಾಗಿ ಕಂಡಿತು. ಮಾಲು ಕದ್ದು, ತೂಕ ಸರಿದೂಗಿಸಲು ಕಲ್ಲುಪುಡಿ ಬೆರೆಸುತ್ತಿದ್ದಾನೆ ಎಂದು ವರದಿ ಬರೆದೆ. ಮೂರು ಮಕ್ಕಳಿದ್ದಾರೆ ಎಂದು ಬೇಡಿಕೊಂಡರೂ ಮಾಲೀಕ ಕೃಷ್ಣರಾಜರು ಅವನನ್ನು ಕೆಲಸದಿಂದ ತೆಗೆದರು.

ಮುಂದಿನ ವಾರವೂ ಬೂದಿ ಬಂತು. ಒಡೆದ ಮಗ್ಗುಗಳನ್ನು ಪುಡಿ ಮಾಡಿ ಮತ್ತೆ ಮಾಲಿಗೆ ಸೇರಿಸುತ್ತಿದ್ದ ತಮಿಳು ಹುಡುಗ ಕಿಟ್ಟುವನ್ನು ಈಗ ಹಿಡಿದುಕೊಂಡೆ. ಪುಡಿ ತುಂಬುವ ಪೀಪಾಯಿಯಲ್ಲಿ ಏನು ಹಾಕಿದ್ದೀಯ ಎಂದು ಗದರಿಸಿದೆ.

"ಆಯುಧಪೂಜೆ ಕ್ಲೀನಿಂಗಲ್ಲಿ ನೀವೇ ತಾನೆ ಸಾರ್ ಹೇಳಿದ್ದು? ಸೀಮೆಸುಣ್ಣ ಹಾಕಿ ಟ್ರೈ ಮಾಡಿದ ಮಗ್ ಎಲ್ಲಾ ವೇಸ್ಟ್ ಪಣ್ಣಬೇಡ, ಅರೆದು ಸೇರ್ಸು ಅಂತ."

ನಾನೇ. ಖರ್ಚು ಉಳಿಸಲೆಂದು ಹಿಂದೊಮ್ಮೆ ಸೀಮೆಸುಣ್ಣ ಬೆರೆಸಿ ನೋಡಿ ಕೈಬಿಟ್ಟಿದ್ದ ಮಗ್ಗುಗಳವು; ಪೂಜೆಗೆ ಮುಂಚೆ ಹಳೆಯದನ್ನೆಲ್ಲ ಹೊರಗೆಸೆಯುವಾಗ ನನ್ನ ಜಿಪುಣ ಜೀವ ತಡೆದಿರಲಿಲ್ಲ. ಹೇಳಿ ಮರೆತೂ ಬಿಟ್ಟಿದ್ದೆ.

ಕೃಷ್ಣರಾಜರಿಗೆ ತಪ್ಪೊಪ್ಪಿಕೊಂಡು ಸುಬ್ರಾಯನನ್ನು ಹುಡುಕಿ ಹೋದೆ. ಟ್ರಿಪ್ಲಿಕೇನಿನ ಹೋಟೆಲೊಂದರಲ್ಲಿ ಎಂಜಲೆಲೆ ಎತ್ತುತ್ತಿದ್ದ. ನಡೆದದ್ದನ್ನೆಲ್ಲ ಹೇಳಿದೆ, ನಾಳೆಯೇ ಕೆಲಸಕ್ಕೆ ಬಾ ಎಂದೆ. ಅವನು ಕೋಪ ಮಾಡಿಕೊಳ್ಳಲಿಲ್ಲ. ಕೈ ಒರೆಸಿಕೊಂಡು ಕೇಳಿದ:

"ಬರ್ತೇನೆ ಸಾರ್. ಆದ್ರೆ ಇನ್ನೊಂದು ಮಗ್ ಒಡೆದ್ರೆ ನೀವು ಮೊದ್ಲು ನೋಡುವುದು ಯಾರ ಕೈ?"

ನಿನ್ನದಲ್ಲ ಎನ್ನಬೇಕೆನಿಸಿತು. ಆದರೆ ನಾನು ಎಂಥವನೆಂದು ನನಗೆ ಗೊತ್ತಿತ್ತು. ಸುಬ್ರಾಯ ಪಕ್ಕದ ಎಲೆ ಎತ್ತಲು ಹೋದ.